ಚೈನ್ ಇರಲಿ, ಆಯಿಲ್ ಬಿಲ್ ತೋರಿಸಿ

‘ಇದು ಬೆಲ್ಟ್ ಗಾಡಿ ಅಲ್ಲ ಸಾರ್, ಚೈನ್. ಲೈಫ್‌ಟೈಮ್ ಮುಟ್ಟೋ ಹಾಗಿಲ್ಲ.’ ಸೆಕೆಂಡ್ ಹ್ಯಾಂಡ್ ಕಾರು ನೋಡಲು ಹೋದವರ ಕಿವಿಗೆ ಈ ಮಾತು ಬೀಳದೇ ಇರದು. ಬ್ರೋಕರ್ ಪೂರ್ತಿ ಸುಳ್ಳು ಹೇಳುತ್ತಿಲ್ಲ, ತೊಂದರೆ ಇರುವುದೇ ಅಲ್ಲಿ. ಹಳೆಯ 2.5 ಲೀಟರ್ ಡೀಸೆಲ್ ಇನ್ನೋವಾದಲ್ಲಿರುವುದು ಟೈಮಿಂಗ್ ಬೆಲ್ಟ್. ಅದರ ಗಡುವು ಬಂದಾಗ ಡ್ಯಾಶ್‌ಬೋರ್ಡಿನಲ್ಲಿ ‘ಟಿ-ಬೆಲ್ಟ್’ ದೀಪವೇ ಹೊತ್ತಿಕೊಳ್ಳುತ್ತದೆ. ಡಸ್ಟರ್ ಡೀಸೆಲ್ಲಿಗೂ ಬೆಲ್ಟೇ. ಸ್ವಿಫ್ಟ್, ಡಿಜೈರ್ ಡೀಸೆಲ್‌ಗಳಲ್ಲಿದ್ದ 1248 ಸಿಸಿ ಎಂಜಿನ್ನಿಗೆ ಮಾತ್ರ ಉಕ್ಕಿನ ಚೈನ್. ಚೈನಿಗೆ ಸಾಮಾನ್ಯವಾಗಿ ಕಂಪನಿಯವರು ಇಷ್ಟು ಕಿಲೋಮೀಟರ್ ಎಂದು ಗಡುವು ಹಾಕುವುದಿಲ್ಲ. ಗಡುವಿಲ್ಲ ಎಂದರೆ ಸವೆಯುವುದೇ ಇಲ್ಲ ಎಂದು ಜನ ತಿಳಿದುಕೊಂಡರು.

ಸವೆಯುತ್ತದೆ. ಉಕ್ಕು ಹಿಗ್ಗಿ ಚೈನ್ ಉದ್ದವಾಗುತ್ತದೆ ಎಂದು ಗ್ಯಾರೇಜಿನಲ್ಲೂ ಹೇಳುವವರಿದ್ದಾರೆ. ಹಿಗ್ಗುವುದಲ್ಲ ಅದು, ಕೊಂಡಿಗಳ ಪಿನ್ ಮತ್ತು ಅದು ಕೂರುವ ತೂತು ತೇಯುವುದು. ಒಂದು ಕೊಂಡಿಗೆ ಮಿಲಿಮೀಟರಿನ ನೂರನೇ ಎರಡು ಭಾಗ ತೇದಿದೆ ಎಂದಿಟ್ಟುಕೊಳ್ಳಿ. ನೂರು ಕೊಂಡಿಗೆ ಎರಡು ಮಿಲಿಮೀಟರ್ ಆಯಿತು. ಕ್ರ್ಯಾಂಕ್ ಎರಡು ಸುತ್ತು ಹಾಕುವಷ್ಟರಲ್ಲಿ ಕ್ಯಾಮ್ ಸರಿಯಾಗಿ ಒಂದು ಸುತ್ತು ಮುಗಿಸಬೇಕು. ಆ ತಾಳ ಕಾಯುವ ಚೈನೇ ಸಡಿಲವಾದರೆ ವಾಲ್ವ್ ತೆರೆಯುವ ಹೊತ್ತು ತಪ್ಪುತ್ತದೆ. ಚೈನ್ ಕಟ್ಟಾದರೆ ತಾನೇ ಅಪಾಯ ಎಂದು ಸಮಾಧಾನ ಪಟ್ಟುಕೊಳ್ಳುವ ಹಾಗೂ ಇಲ್ಲ. ಈಗಿನ ಬಹುತೇಕ ಡೀಸೆಲ್ ಎಂಜಿನ್‌ಗಳಲ್ಲಿ ಚೈನ್ ಕೆಲವು ಹಲ್ಲು ಹಾರಿದರೂ ಸಾಕು, ಪಿಸ್ಟನ್ ಹೋಗಿ ವಾಲ್ವಿಗೆ ಬಡಿಯುತ್ತದೆ. ಆಮೇಲೆ ಹೆಡ್ ಬಿಚ್ಚುವ ಕೆಲಸ.

ತೇಯಿಸುವುದು ಯಾವುದು? ಮುಖ್ಯವಾಗಿ ಆಯಿಲಿನಲ್ಲಿ ಸೇರಿದ ಮಸಿ. ಡೀಸೆಲ್ ಎಂಜಿನ್ನಿನ ಆಯಿಲ್ ಬೇಗ ಕಪ್ಪಾಗುವುದು ಅದರಿಂದಲೇ. ಸಮಯಕ್ಕೆ ಬದಲಿಸದೆ ಬಿಟ್ಟರೆ ಆ ಮಸಿ ಪಿನ್ನುಗಳ ನಡುವೆ ಉಜ್ಜುತ್ತಲೇ ಇರುತ್ತದೆ. 2020ರಲ್ಲಿ ಪೆಟ್ರೋಲ್ ಎಂಜಿನ್ ಆಯಿಲಿಗೆ ‘ಎಪಿಐ ಎಸ್‌ಪಿ’ ಎಂಬ ದರ್ಜೆ ಬಂದಾಗ ಟೈಮಿಂಗ್ ಚೈನಿನ ಸವೆತದ ಪರೀಕ್ಷೆಯನ್ನೇ ಅದರಲ್ಲಿ ಸೇರಿಸಿದರು. ಚೈನಿನ ಆಯುಸ್ಸು ಆಯಿಲಿನ ಕೈಯಲ್ಲಿದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

‘ಬರೀ ಅರವತ್ತು ಸಾವಿರ ಓಡಿದೆ’ ಎಂಬ ಮಾತನ್ನೂ ಹಾಗೇ ನಂಬಬಾರದು. ಮೀಟರ್ ತಿರುಗಿಸಿಲ್ಲ ಎಂದೇ ಇಟ್ಟುಕೊಳ್ಳೋಣ. ಹುಬ್ಬಳ್ಳಿ ಹೆದ್ದಾರಿಯಲ್ಲಿ ಸರಾಸರಿ ಗಂಟೆಗೆ 60 ಕಿಲೋಮೀಟರಿನಂತೆ ಓಡಿದ ಕಾರಿಗೆ 10,000 ಕಿಲೋಮೀಟರ್ ಎಂದರೆ ಸುಮಾರು 167 ಗಂಟೆ. ಸಿಲ್ಕ್ ಬೋರ್ಡ್ ಟ್ರಾಫಿಕ್ಕಿನಲ್ಲಿ ಗಂಟೆಗೆ 20ರಂತೆ ತೆವಳಿದ ಕಾರಿಗೆ ಅಷ್ಟೇ ದೂರ 500 ಗಂಟೆ. ಮೀಟರ್ ಎರಡಕ್ಕೂ ಒಂದೇ ಲೆಕ್ಕ ತೋರಿಸುತ್ತದೆ, ಆಯಿಲಿಗೆ ಮಾತ್ರ ಮೂರು ಪಟ್ಟು ದುಡಿಮೆ. ಅದಕ್ಕೇ ನನ್ನ ಕೇಳಿದರೆ, ತಪ್ಪದೆ ಆಯಿಲ್ ಬದಲಿಸಿದ ಬಿಲ್ಲುಗಳಿರುವ ಒಂದೂವರೆ ಲಕ್ಷದ ಗಾಡಿ, ಒಂದು ಬಿಲ್ಲೂ ಇಲ್ಲದ ಅರವತ್ತು ಸಾವಿರದ ಗಾಡಿಗಿಂತ ವಾಸಿ.

‘ಡೀಸೆಲ್ ಅಲ್ವಾ, ಸದ್ದು ಇದ್ದೇ ಇರುತ್ತೆ’ ಅನ್ನುತ್ತಾರೆ. ಸದ್ದಿನಲ್ಲೂ ವ್ಯತ್ಯಾಸವಿದೆ. ಚೈನನ್ನು ಬಿಗಿಹಿಡಿಯುವ ಟೆನ್ಷನರ್ ಬಹಳ ಎಂಜಿನ್‌ಗಳಲ್ಲಿ ಆಯಿಲ್ ಒತ್ತಡದಿಂದ ಕೆಲಸ ಮಾಡುತ್ತದೆ. ರಾತ್ರಿಯೆಲ್ಲ ನಿಂತ ಗಾಡಿಯನ್ನು ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಆ ಒತ್ತಡ ಏರಲು ಒಂದೆರಡು ಸೆಕೆಂಡ್ ಹಿಡಿಯುತ್ತದೆ. ಚೈನ್ ಸವೆದಿದ್ದರೆ ಎಂಜಿನ್ನಿನ ಚೈನ್ ಇರುವ ಬದಿಯಿಂದ ಕರಕರ ಎಂದು ಸರಪಳಿ ಎಳೆದಾಡಿದ ಸದ್ದು ಬಂದು, ಮತ್ತೆ ಅಡಗುತ್ತದೆ. ನೀವು ಹೋಗುವ ಮೊದಲೇ ಮಾರುವವನು ‘ಒಂದು ರೌಂಡ್ ಹೊಡೆದು’ ತಂದು ನಿಲ್ಲಿಸಿದ್ದರೆ ಅದು ಕೇಳಿಸುವುದೇ ಇಲ್ಲ. ಬಾನೆಟ್ ಮೇಲೆ ಕೈಯಿಟ್ಟು ನೋಡಿ. ಬೆಚ್ಚಗಿದ್ದರೆ ಮಾತು ಬೆಳೆಸಬೇಡಿ, ನಾಳೆ ಬೆಳಿಗ್ಗೆ ಬರುತ್ತೇನೆ ಎನ್ನಿ. ಸ್ಕ್ಯಾನರಿನಲ್ಲಿ ಪಿ0016 ಬಂದರೆ ಕ್ರ್ಯಾಂಕಿಗೂ ಕ್ಯಾಮಿಗೂ ಹೊಂದಿಕೆ ತಪ್ಪಿದೆ ಎಂದು. ಸೆನ್ಸರ್ ಕೆಟ್ಟರೂ ಅದೇ ಕೋಡ್ ಬರಬಹುದು. ಕೋಡ್ ಅಳಿಸಿಟ್ಟು ಮಾರುವವರೂ ಇದ್ದಾರೆನ್ನಿ.

ಗಟ್ಟಿ ಆಯಿಲ್ ಹಾಕಿದರೆ ಸದ್ದು ನಿಲ್ಲುತ್ತದೆ ಎಂಬುದು ಇನ್ನೊಂದು ನಂಬಿಕೆ. ನಿಂತರೂ ರೋಗ ಹೋಗಿರುವುದಿಲ್ಲ. ತಣ್ಣಗಿನ ದಪ್ಪ ಆಯಿಲ್ ಟೆನ್ಷನರ್ ತಲುಪುವುದೇ ಇನ್ನಷ್ಟು ತಡ.

ಬದಲಿಸುವ ಕೆಲಸದಲ್ಲಿ ಜನ ಹಣ ಉಳಿಸಲು ಹೊರಡುವುದು ಸಾಮಾನು ಕೊಳ್ಳುವಾಗ. ಜೆ.ಸಿ. ರಸ್ತೆಯಿಂದ ಚೈನ್ ಒಂದನ್ನೇ ತಂದುಕೊಡುತ್ತೇನೆ, ಹಾಕಿಬಿಡಿ ಅನ್ನುತ್ತಾರೆ. ಬಿಚ್ಚಿದ ಹಳೆಯ ಗೈಡನ್ನು ಒಮ್ಮೆ ಕೈಗೆ ತೆಗೆದುಕೊಂಡು ನೋಡಿ: ಪ್ಲಾಸ್ಟಿಕ್ಕಿನ ಮೇಲೆ ಚೈನಿನ ಎರಡು ಅಂಚು ಕೊರೆದ ಗೀರು ಉದ್ದಕ್ಕೂ ಇಳಿದಿರುತ್ತದೆ, ಬಣ್ಣ ಕಂದಾಗಿ ತುದಿ ಉಗುರಿಗೇ ಮುರಿಯುವಂತಿರುತ್ತದೆ. ಮುರಿದ ಚೂರು ಸಂಪಿಗೆ ಬಿದ್ದು ಆಯಿಲ್ ಹೀರುವ ಜಾಲರಿಗೆ ಕಟ್ಟಿಕೊಂಡರೆ ಎಂಜಿನ್ನೇ ಒಣಗುತ್ತದೆ. ಸವೆದ ಸ್ಪ್ರಾಕೆಟ್ ಮೇಲೆ ಕೂರಿಸಿದ ಹೊಸ ಚೈನೂ ಬಹಳ ದಿನ ಬಾಳದು. ಚೈನ್, ಟೆನ್ಷನರ್, ಗೈಡ್, ಸ್ಪ್ರಾಕೆಟ್, ಸೀಲ್ ಎಲ್ಲ ಸೇರಿ ಕಿಟ್ ಆಗಿಯೇ ಹಾಕಿಸಿ, ಸಂಪ್ ಕಳಚಿಸಿ ತೊಳೆಸಿ, ಹಳೆಯ ಸಾಮಾನು ಕೇಳಿ ಪಡೆಯಿರಿ.

ಚೈನ್ ಹಾಕಲು ಯಾವ ಮೇಸ್ತ್ರಿಯಾದರೂ ಸಾಕೆಂಬುದೂ ಸರಿಯಲ್ಲ. ಪೇಂಟಿನಲ್ಲಿ ಗುರುತು ಹಾಕಿಕೊಂಡು ಜೋಡಿಸುವುದು ಎಲ್ಲ ಎಂಜಿನ್ನಿಗೂ ನಡೆಯುವುದಿಲ್ಲ. ಕೆಲವದರಲ್ಲಿ ಸ್ಪ್ರಾಕೆಟ್ಟಿಗೆ ಕೀಲಿಯೇ ಇರುವುದಿಲ್ಲ, ಬರೀ ಬೋಲ್ಟಿನ ಬಿಗಿಯಲ್ಲಿ ನಿಂತಿರುತ್ತದೆ. ಲಾಕಿಂಗ್ ಟೂಲ್ ಇಲ್ಲದೆ ಮುಟ್ಟಿದರೆ ತಾಳ ತಪ್ಪಿತೆಂದೇ ಲೆಕ್ಕ. ಬಲ್ಲವನು ಜೋಡಿಸಿದ ಮೇಲೆ ಕೀ ತಿರುಗಿಸುವುದಿಲ್ಲ, ಮೊದಲು ಸ್ಪ್ಯಾನರ್ ಹಿಡಿದು ಕ್ರ್ಯಾಂಕನ್ನು ಕೈಯಿಂದಲೇ ಎರಡು ಸುತ್ತು ತಿರುಗಿಸಿ ಗುರುತು ಕೂಡಿತೇ ಎಂದು ನೋಡುತ್ತಾನೆ.

ಅಗ್ಗಕ್ಕೆ ಸಿಕ್ಕಿತೆಂದು ಹಳೆಯ ಬಿಎಂಡಬ್ಲ್ಯು ಡೀಸೆಲ್ ಕೊಳ್ಳುವವರು ಇನ್ನೂ ಒಂದು ವಿಚಾರಿಸಬೇಕು. 2007ರಲ್ಲಿ ಬಂದ ಎನ್47 ಎಂಜಿನ್ನಿನಲ್ಲಿ ಚೈನ್ ಇರುವುದು ಹಿಂದುಗಡೆ, ಗೇರ್‌ಬಾಕ್ಸ್ ಬದಿಯಲ್ಲಿ. ಪೂರ್ತಿ ಕೆಲಸಕ್ಕೆ ಸಾಮಾನ್ಯವಾಗಿ ಎಂಜಿನ್ ಕೆಳಗಿಳಿಸಬೇಕು, ಕಿಟ್ಟಿಗಿಂತ ಲೇಬರೇ ಹೆಚ್ಚಾದರೂ ಆಶ್ಚರ್ಯವಿಲ್ಲ. ಅಡ್ವಾನ್ಸ್ ಕೊಡುವ ಮೊದಲೇ ಗ್ಯಾರೇಜಿನಲ್ಲಿ ಆ ಮೊತ್ತ ಬರೆಸಿಕೊಳ್ಳಿ, ಕಾರಿನ ಬೆಲೆ ಆಮೇಲೆ ಮಾತಾಡಿದರಾಯಿತು.