ಸೂತಕವಿಲ್ಲದ ಸೂತಿಕಾಗಾರ

ನಾವು ವೈದ್ಯವೃತ್ತಿಯನ್ನು ಆರಂಭಿಸಿದ ಹೊಸತರಲ್ಲಿ ಹಳ್ಳಿಯೊಂದರಿಂದ ಏಳು ದಿನದ ಗಂಡುಕೂಸನ್ನು ನಮ್ಮಲ್ಲಿಗೆ ಕರೆತಂದಿದ್ದರು. ಹಿಂದಿನ ದಿನದವರೆಗೆ ಚೆನ್ನಾಗಿ ಹಾಲುಂಡ ಕೂಸು ಈಗ ಬಾಯಿ ತೆರೆಯದು. ಮುಟ್ಟಿದೊಡನೆ ಮೈ ಬಿಲ್ಲಿನಂತೆ ಸೆಟೆಯುವುದು. ಅದು ಧನುರ್ವಾಯು. ವಿಚಾರಿಸಲಾಗಿ, ಹೊಕ್ಕುಳಬಳ್ಳಿಯನ್ನು ಕುಡುಗೋಲಿನಿಂದ ಕೊಯ್ದು, ಗಾಯಕ್ಕೆ ಬೂದಿ ಮೆತ್ತಿದ್ದರೆಂದು ತಿಳಿಯಿತು. ದೊಡ್ಡ ಆಸ್ಪತ್ರೆಗೆ ಕಳುಹಿಸಿದೆವು, ಕೂಸು ಉಳಿಯಲಿಲ್ಲ. ಆ ಮನೆಯವರಲ್ಲಿ ಪ್ರೀತಿಗೆ ಕೊರತೆಯಿರಲಿಲ್ಲ. ಸೂಲಗಿತ್ತಿಯೂ ಒಳ್ಳೆಯ ಮನಸ್ಸಿನವಳೇ. ಶುಚಿಯಾದ ಒಂದು ಬ್ಲೇಡು ಆ ಮನೆಯಲ್ಲಿ ಇರಲಿಲ್ಲ, ಅಷ್ಟೆ.

ಬಹುಕಾಲದ ತರುವಾಯ ಜುಬೈದಾ ಬಾಯಿ ಎಂಬ ಎಂಜಿನಿಯರರ ಕಾರ್ಯದ ವಿಷಯ ಓದಿದಾಗ ಆ ಕೂಸು ನಮಗೆ ನೆನಪಾಯಿತು. ಚೆನ್ನೈಯವರಾದ ಇವರು ಮೆಕ್ಯಾನಿಕಲ್ ಎಂಜಿನಿಯರಿಂಗ್ ಪದವೀಧರೆ. ಸ್ವೀಡನ್ನಿನಲ್ಲಿ ಸ್ನಾತಕೋತ್ತರ ವ್ಯಾಸಂಗ ಮಾಡಿ, ಅಮೆರಿಕದ ಕೊಲರಾಡೊ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಎಂ.ಬಿ.ಎ. ಪಡೆದವರು. ಚೊಚ್ಚಲ ಹೆರಿಗೆಯ ಬಳಿಕ ಸೋಂಕು ತಗಲಿ ದೀರ್ಘಕಾಲ ಬಳಲಿದ್ದರು. ಮುಂದೆ ರಾಜಸ್ಥಾನದ ಹಳ್ಳಿಯಲ್ಲಿ, ಕುಡುಗೋಲಿನಿಂದ ಹೊಕ್ಕುಳಬಳ್ಳಿ ಕೊಯ್ಯುವ ಸೂಲಗಿತ್ತಿಯನ್ನು ಕಂಡರು. ತಮ್ಮ ವಿದ್ಯೆ ಯಾವುದಕ್ಕೆ ಸಲ್ಲಬೇಕೆಂಬುದು ಅಲ್ಲಿಂದ ನಿಶ್ಚಯವಾಯಿತು. 2010ರಲ್ಲಿ ‘ಐಜ್’ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು.

ಅವರು ರೂಪಿಸಿದ್ದು ‘ಜನ್ಮ’ ಎಂಬ ಹೆಸರಿನ ಒಂದು ಸೆಣಬಿನ ಚೀಲ. ಅದರೊಳಗೆ ಕೈ ತೊಳೆಯಲು ಸಾಬೂನು, ಕೈಗವಸು, ತಾಯಿಯ ಕೆಳಗೆ ಹಾಸಲು ಶುಚಿಯಾದ ಹಾಸು, ಹೊಸ ಬ್ಲೇಡು, ಹೊಕ್ಕುಳಬಳ್ಳಿಯನ್ನು ಬಿಗಿಯುವ ಕ್ಲಿಪ್ಪು ಇವೆ. ಇವುಗಳಲ್ಲಿ ಒಂದೂ ಹೊಸ ಶೋಧವಲ್ಲ. ಎಲ್ಲವೂ ಬೇಕಾದ ಗಳಿಗೆಯಲ್ಲಿ, ಕೆಲವೇ ಡಾಲರುಗಳ ಬೆಲೆಗೆ, ಒಟ್ಟಿಗೆ ಕೈಗೆ ಸಿಗುವಂತೆ ಮಾಡಿದ್ದೇ ಆ ಎಂಜಿನಿಯರರ ಜಾಣ್ಮೆ. ಚೀಲಗಳನ್ನು ಜೋಡಿಸುವ ಕೆಲಸವನ್ನೂ ಮಹಿಳೆಯರಿಗೇ ವಹಿಸಿದರು. 2016ರಲ್ಲಿ ವಿಶ್ವಸಂಸ್ಥೆಯ ಗ್ಲೋಬಲ್ ಕಾಂಪ್ಯಾಕ್ಟ್ ಇವರನ್ನು ಸುಸ್ಥಿರ ಅಭಿವೃದ್ಧಿಯ ಮುಂದಾಳುಗಳಲ್ಲಿ ಒಬ್ಬರೆಂದು ಗುರುತಿಸಿತು. ಆ ಬಳಿಕ ಗ್ರಾಮೀಣ್ ಫೌಂಡೇಶನ್ನಿನ ಅಧ್ಯಕ್ಷರೂ ಆದರು.

ಹೆರಿಗೆಯ ವೇಳೆ ಆರು ಶುಚಿಗಳನ್ನು ಪಾಲಿಸಬೇಕೆಂದು ವೈದ್ಯಶಾಸ್ತ್ರ ಹೇಳುತ್ತದೆ: ಶುಚಿಯಾದ ಕೈ, ತಾಯಿಯ ಅಂಗಶುಚಿ, ಹೆರಿಗೆಯಾಗುವ ಜಾಗದ ಶುಚಿ, ಬಳ್ಳಿ ಕೊಯ್ಯುವ ಬ್ಲೇಡಿನ ಶುಚಿ, ಕಟ್ಟುವ ದಾರದ ಶುಚಿ, ಬಳ್ಳಿಯ ಆರೈಕೆಯಲ್ಲಿ ಶುಚಿ. ನಮ್ಮ ಚರಕಾಚಾರ್ಯರೂ ಸೂತಿಕಾಗಾರವನ್ನು ಮುಂಚಿತವಾಗಿಯೇ ಸಿದ್ಧಪಡಿಸಬೇಕೆಂದಿದ್ದಾರೆ. ಹೊಕ್ಕುಳಿನಿಂದ ಎಂಟು ಅಂಗುಲ ಬಿಟ್ಟು, ಹರಿತವಾದ ಶಸ್ತ್ರದಿಂದ ಕೊಯ್ಯಬೇಕೆಂದು ವಿಧಿಸಿದ್ದಾರೆ. ಧನುರ್ವಾಯುವಿನ ರೋಗಾಣು ಮಣ್ಣಿನಲ್ಲಿಯೂ ಸಗಣಿಯಲ್ಲಿಯೂ ಅಡಗಿರುತ್ತದೆ. ಲಸಿಕೆ ಮತ್ತು ಆಸ್ಪತ್ರೆಯ ಹೆರಿಗೆಗಳು ಹೆಚ್ಚಿದ್ದರಿಂದ, ತಾಯಿ ಮತ್ತು ನವಜಾತ ಶಿಶುವಿನ ಧನುರ್ವಾಯು ಭಾರತದಲ್ಲಿ ನಿವಾರಣೆಯಾಗಿದೆಯೆಂದು 2015ರಲ್ಲಿ ದೃಢಪಟ್ಟಿತು. ಆದರೆ ರೋಗಾಣು ನೆಲದಲ್ಲಿ ಇದ್ದೇ ಇದೆ, ಆದುದರಿಂದ ಮೈಮರೆಯಲಾಗದು.

ಆಯುರ್ವೇದ ವೈದ್ಯರೆಂದು ನಮ್ಮನ್ನು ಅನೇಕ ಅಜ್ಜಿಯರು ಕೇಳುವುದುಂಟು: “ಹೊಕ್ಕುಳಿಗೆ ಅರಿಸಿನ, ಎಣ್ಣೆ ಹಚ್ಚಬಹುದಲ್ಲವೇ ಡಾಕ್ಟ್ರೇ?” ಬೇಡವೆಂದೇ ಹೇಳುತ್ತೇವೆ. ಅರಿಸಿನ, ಎಣ್ಣೆ, ಬೂದಿ, ಭಸ್ಮ ಯಾವುದನ್ನೂ ಹಚ್ಚಬಾರದು. ಭಸ್ಮವು ಹಣೆಗೆ ಭೂಷಣ, ಹಸಿಗಾಯಕ್ಕೆ ಅಲ್ಲ. ಬಳ್ಳಿಯನ್ನು ಒಣಗಲು ಬಿಟ್ಟರೆ ಸಾಮಾನ್ಯವಾಗಿ ಒಂದೆರಡು ವಾರಗಳಲ್ಲಿ ತಾನೇ ಉದುರುತ್ತದೆ.

ಗರ್ಭಿಣಿಗೆ ಟಿ.ಡಿ. ಲಸಿಕೆಯನ್ನು ತಪ್ಪದೆ ಹಾಕಿಸಿರಿ. ಹೆರಿಗೆ ಆಸ್ಪತ್ರೆಯಲ್ಲಿಯೇ ಆಗಲಿ. ಬಾಣಂತಿಗೆ ಜ್ವರ, ಕಿಬ್ಬೊಟ್ಟೆಯ ನೋವು, ದುರ್ಗಂಧದ ಸ್ರಾವ ಕಂಡರೆ, ಇಲ್ಲವೇ ಕೂಸು ಹಾಲು ಕುಡಿಯದಿದ್ದರೆ, ಹೊಕ್ಕುಳಿನ ಸುತ್ತ ಕೆಂಪಾದರೆ, ಕೀವು ಬಂದರೆ ಮನೆಮದ್ದಿಗೆ ಕಾಯದೆ ಅಂದೇ ಆಸ್ಪತ್ರೆಗೆ ಒಯ್ಯಿರಿ. ಎತ್ತಿಕೊಳ್ಳುವವರೆಲ್ಲರೂ ಮೊದಲು ಸಾಬೂನಿನಿಂದ ಕೈ ತೊಳೆಯಲಿ.

ಜನನ, ಮರಣ, ರಜಸ್ಸು, ಎಂಜಲು, ಜಾತಿ ಎಂಬ ಪಂಚಸೂತಕಗಳನ್ನು ಶರಣರು ಹನ್ನೆರಡನೆಯ ಶತಮಾನದಲ್ಲಿಯೇ ನಿರಾಕರಿಸಿದರು. ಆದರೂ ನಮ್ಮ ಕೆಲವು ಮನೆಗಳಲ್ಲಿ ಬಾಣಂತಿಯನ್ನು ಇಂದಿಗೂ ಗಾಳಿ ಬೆಳಕಿಲ್ಲದ ಮೂಲೆಯಲ್ಲಿ, ಹಳೆಯ ಬಟ್ಟೆಯ ಮೇಲೆ ಮಲಗಿಸುವುದನ್ನು ನಾವು ಕಂಡಿದ್ದೇವೆ. ಹೊಸ ಜೀವವನ್ನು ತಂದ ತಾಯಿಯಲ್ಲಿ ಮೈಲಿಗೆಯಿಲ್ಲ. ತೊಳೆಯದ ಕೈಯಲ್ಲಿ ಇದೆ. ಭಕ್ತಬಂಧುಗಳು ತಮ್ಮ ಮನೆಯ ಬಾಣಂತಿಗೆ ಬೆಳಕಿರುವ ಕೋಣೆಯನ್ನೂ, ಒಗೆದು ಬಿಸಿಲಿಗೆ ಒಣಗಿಸಿದ ಹಾಸಿಗೆಯನ್ನೂ ಕೊಡಲಿ. ಅದು ಶರಣರ ನುಡಿಗೆ ಸಲ್ಲುವ ನಡೆ.