ಇಂಟರ್ವಲ್‌ಗೆ ಮುಂಚೆ ಓವನ್ ಬಾಗಿಲು ತೆಗೀಬೇಡಿ!

ಲೆಗ್ ಪೀಸ್!

ಈ ಎರಡು ಮಾತು ಕಿವಿಗೆ ಬಿದ್ದ ಕೂಡಲೇ ಬಾಯಲ್ಲಿ ನೀರೂರದ ಗಂಡುಮಗ ಯಾರಿದ್ದಾನೆ ಹೇಳಿ ನೋಡೋಣ? (ಸಸ್ಯಾಹಾರಿ ಅಭಿಮಾನಿಗಳು ದಯವಿಟ್ಟು ಕ್ಷಮಿಸಿ, ಮುಂದಿನ ಪುಟದಲ್ಲಿ ನಿಮಗೆ ಬೇಕಾದ ಸುದ್ದಿ ಇದ್ದೇ ಇರುತ್ತೆ!) ಬಿರಿಯಾನಿ ಪ್ಲೇಟು ಟೇಬಲ್ಲಿಗೆ ಬಂತೆಂದರೆ ನಾಲ್ಕು ಜನ ಗೆಳೆಯರ ಎಂಟು ಕಣ್ಣೂ ಮೊದಲು ಹುಡುಕೋದು ಅದನ್ನೇ. ಕೋಳಿಯಲ್ಲಿ ಎದೆ, ರೆಕ್ಕೆ, ಕತ್ತು ಎಲ್ಲಾ ಇದ್ದಾವೆ. ಆದರೆ ಅವೆಲ್ಲಾ ಪೋಷಕ ಪಾತ್ರಗಳು ಸ್ವಾಮಿ. ಶಿಳ್ಳೆ ಬೀಳೋದು ಲೆಗ್ ಪೀಸ್ ಎಂಟ್ರಿಗೇ!

ನಮ್ಮ ಚಿತ್ರರಂಗದವರೇನು ಕಮ್ಮಿಯೇ? ಅಣ್ಣಾವ್ರಿಗೆ ನಾಟಿ ಶೈಲಿಯ ಮಾಂಸದೂಟ ಎಷ್ಟು ಇಷ್ಟ ಅನ್ನೋದು ಅಭಿಮಾನಿ ದೇವರುಗಳಿಗೆ ಗೊತ್ತಿಲ್ಲದ್ದಲ್ಲ. ಅಂಬರೀಷ್ ಮನೆಗೆ ಹೋದವರು ಹಸಿದುಕೊಂಡು ವಾಪಸ್ ಬಂದದ್ದಿಲ್ಲ. ಅಪ್ಪು ಅಂತೂ ಊಟಪ್ರಿಯರಲ್ಲಿ ಊಟಪ್ರಿಯ.

ಇರಲಿ, ವಿಷಯಕ್ಕೆ ಬರ್ತೀನಿ. ಹೋದ ತಿಂಗಳು ಒಂದು ಭಾನುವಾರ ಕೆ.ಆರ್.ಪುರದಲ್ಲಿರೋ ನಮ್ಮ ಅಕ್ಕನ ಮಗನ ರೂಮಿಗೆ ಹೋಗಿದ್ದೆ. ನಾಲ್ಕು ಜನ ಬ್ರಹ್ಮಚಾರಿಗಳು. ಬೆಳಿಗ್ಗೆ ಮೆಟ್ರೋ ಹತ್ತಿ ವೈಟ್‌ಫೀಲ್ಡಿಗೆ ಹೋಗೋದು, ರಾತ್ರಿ ಬಂದು ಮಲಗೋದು, ವಾರಕ್ಕೊಂದು ದಿನ ಟೀವಿಯಲ್ಲಿ ಸಿನಿಮಾ ಹಾಕ್ಕೊಂಡು ಏನಾದರೂ ಬೇಯಿಸಿಕೊಂಡು ತಿನ್ನೋದು. ಇದು ಅವರ ಸಂಸಾರ. ಹೊಸದಾಗಿ ಒಂದು ಓಟಿಜಿ ಓವನ್ ತಂದಿದ್ದರು. "ಮಾಮ, ಇವತ್ತು ಬೇಕ್ಡ್ ಲೆಗ್ ಪೀಸ್. ನೀವು ಬರಲೇಬೇಕು" ಅಂತ ಫೋನು.

ಹೋದೆ. ಓವನ್ನಿನ ಗಾಜಿನ ಹಿಂದೆ ಆರು ಲೆಗ್ಗು ಸಾಲಾಗಿ ಮಲಗಿದ್ದವು. ಅರ್ಧ ಗಂಟೆ ಆಗಿರಬಹುದು. ಮೇಲ್ಗಡೆ ಕೆಂಪಗೆ, ಹೊಳೀತಾ... ಕ್ಲೋಸಪ್ಪಿಗೆ ರೆಡಿ! ಅಳಿಯ ಕೈಗೆ ಬಟ್ಟೆ ಸುತ್ತಿಕೊಂಡು "ಆಯ್ತು ಮಾಮ, ತೆಗೀತೀನಿ. ಸಿನಿಮಾ ಶುರು ಮಾಡೋಣ" ಅಂತ ಬಾಗಿಲಿಗೆ ಕೈ ಹಾಕಿದ.

"ಕೈ ತೆಗಿ!" ಅಂತ ಕೂಗಿಬಿಟ್ಟೆ.

ಹುಡುಗರು ಬೆಚ್ಚಿಬಿದ್ದರು. ಅಷ್ಟು ಜೋರಾಗಿ ನಾನು ಯಾಕೆ ಕೂಗಿದೆ ಅನ್ನೋದಕ್ಕೆ ಒಂದು ಫ್ಲ್ಯಾಷ್‌ಬ್ಯಾಕ್ ಇದೆ.

ಹಲಸೂರು, 1984

ಆಗ ನನಗೆ ಇಪ್ಪತ್ತೆರಡು. ಕೋಲಾರದ ಕಡೆಯಿಂದ ಕೆಲಸ ಹುಡುಕಿಕೊಂಡು ಬಂದು ಹಲಸೂರಿನ ಸೋಮೇಶ್ವರ ದೇವಸ್ಥಾನದ ಹಿಂದಿನ ಒಂದು ಓಣಿಯಲ್ಲಿ ರೂಮು ಹಿಡಿದಿದ್ದೆ. ಮನೆ ಯಜಮಾನಿ ಒಬ್ಬರು ಆಂಗ್ಲೋ ಇಂಡಿಯನ್ ಹೆಂಗಸು. ಎಲ್ಲರಿಗೂ ಅವರು 'ಆಂಟಿ'. ಎಲ್ಲರೂ ಅವರಿಗೆ 'ಮ್ಯಾನ್'. ಒಂದೇ ವಾಕ್ಯದಲ್ಲಿ ಕನ್ನಡ, ತಮಿಳು, ಇಂಗ್ಲಿಷ್ ಮೂರೂ ಸೇರಿಸಿ ಬೈಯುತ್ತಿದ್ದರು. ಕೇಳೋಕೆ ಚಂದ!

ಕಂಟೋನ್ಮೆಂಟ್ ಅಂದರೆ ಹಾಗೇ ಅಲ್ಲವೇ? 1809ರಲ್ಲಿ ಬ್ರಿಟಿಷರು ಶ್ರೀರಂಗಪಟ್ಟಣದ ದಂಡನ್ನು ಇಲ್ಲಿಗೆ ತಂದು ಇಳಿಸಿದ ಮೇಲೆ ಹುಟ್ಟಿದ ಊರು ಇದು. ದಂಡಿನ ಜೊತೆ ಬ್ರೆಡ್ಡು ಬಂತು, ಬ್ರೆಡ್ಡಿನ ಜೊತೆ ಬೇಕರಿ ಭಟ್ಟಿ ಬಂತು. ನಮ್ಮ ಪೇಟೆ ಕಡೆಯವರು ಮುದ್ದೆ ಕಟ್ಟುವ ಹೊತ್ತಿಗೆ ಇಲ್ಲಿಯವರು ರೋಸ್ಟು ಮಾಡುತ್ತಿದ್ದರು. ಇನ್ನು ಸಿನಿಮಾ? ಲಿಡೋ, ಪ್ಲಾಜಾ, ರೆಕ್ಸ್, ಗೆಲಾಕ್ಸಿಯಲ್ಲಿ ಇಂಗ್ಲಿಷು. ಶಿವಾಜಿನಗರದ ಟಾಕೀಸುಗಳಲ್ಲಿ ಹೆಚ್ಚಾಗಿ ತಮಿಳು, ಹಿಂದಿ. ಅಣ್ಣಾವ್ರ ಮುಖ ನೋಡಬೇಕು ಅಂದ್ರೆ ಬಿಟಿಎಸ್ ಬಸ್ ಹತ್ತಿ ಮೆಜೆಸ್ಟಿಕ್ಕಿಗೇ ಓಡಬೇಕಿತ್ತು. (ಈಗ ಪ್ಲಾಜಾ ಇಲ್ಲ, ಲಿಡೋ ಜಾಗದಲ್ಲಿ ಮಾಲ್ ಎದ್ದಿದೆ, ರೆಕ್ಸ್ 2018ರ ಕೊನೆಗೆ ಬಾಗಿಲು ಹಾಕಿತು. ಹೊಟ್ಟೆ ಉರಿಯುತ್ತೆ, ಬಿಡಿ.)

ಆ ವರ್ಷ 'ಶ್ರಾವಣ ಬಂತು' ಬಂದಿತ್ತು. ಎರಡು ಸಲ ನೋಡಿಯಾಗಿತ್ತು. ಮೂರನೇ ಸಲಕ್ಕೆ ಭಾನುವಾರ ಫಸ್ಟ್ ಶೋಗೆ ಗೆಳೆಯ ಟಿಕೆಟ್ ತೆಗೆದಿಟ್ಟಿದ್ದ. ಅದೇ ಭಾನುವಾರ ಆಂಟಿ ಮನೆಯಲ್ಲಿ ದೊಡ್ಡ ಊಟ. ಅವರ ಒಬ್ಬನೇ ಮಗ, ಸೊಸೆ, ಮೊಮ್ಮಗಳು ಆಸ್ಟ್ರೇಲಿಯಾಕ್ಕೆ ಹೊರಟಿದ್ದರು. ಸುಮ್ಮನೆ ಪ್ರವಾಸಕ್ಕಲ್ಲ, ಅಲ್ಲೇ ಇದ್ದುಬಿಡೋದಕ್ಕೆ. ಆ ಕಾಲಕ್ಕೆ ಕಂಟೋನ್ಮೆಂಟಿನ ಎಷ್ಟೋ ಮನೆಗಳ ಕಥೆ ಇದು. ಬೆಳಿಗ್ಗೆ ಮದ್ರಾಸಿನ ರೈಲು, ಅಲ್ಲಿಂದ ವಿಮಾನ.

ಆಂಟಿ ರಸೆಲ್ ಮಾರ್ಕೆಟ್ಟಿಗೆ ತಾವೇ ಹೋಗಿ ಹನ್ನೆರಡು ಲೆಗ್ಗು ಆರಿಸಿ ತಂದರು. ರಾತ್ರಿಯೇ ಉಪ್ಪು, ಕರಿಮೆಣಸು, ಶುಂಠಿ ಬೆಳ್ಳುಳ್ಳಿ, ಒಂದು ಚೂರು ವಿನಿಗರ್ ಹಚ್ಚಿಟ್ಟರು. ಮನೆಯಲ್ಲಿ ಓವನ್ ಇರಲಿಲ್ಲ. ಆಗ ಬಹಳ ಮನೆಗಳಲ್ಲಿ ಇರಲಿಲ್ಲ. ಕ್ರಿಸ್ಮಸ್ ಕೇಕಿನ ಹಿಟ್ಟನ್ನು ಕಲಸಿ ಟ್ರೇಯಲ್ಲಿ ಹಾಕಿ ಬೇಕರಿಗೆ ಕೊಟ್ಟು ಬೇಯಿಸಿಕೊಂಡು ಬರೋದು ಆ ಕಡೆಯ ಪದ್ಧತಿ. ಗುರುತಿನವರಾದರೆ ಕೋಳಿಯೂ ಒಳಗೆ ಹೋಗುತ್ತಿತ್ತು. (ಅದಕ್ಕೆಂದು ಅಯ್ಯಂಗಾರ್ ಬೇಕರಿಗೆ ಟ್ರೇ ಎತ್ತಿಕೊಂಡು ಹೋಗೀರಾ, ಜೋಕೆ!)

"ಏ ಮ್ಯಾನ್, ನೀನು ತಗೊಂಡು ಹೋಗಿ, ಕಾದು, ತಗೊಂಡು ಬಾ" ಅಂದರು ಆಂಟಿ. ಆಯ್ತು ಅಂದೆ.

ಸೌದೆ ಭಟ್ಟಿಯ ಲೆಕ್ಕಾಚಾರ ನೋಡಿದ್ದೀರಾ? ಇಟ್ಟಿಗೆಯ ಗೂಡಿನೊಳಗೇ ಸೌದೆ ಉರಿಸುತ್ತಾರೆ. ಗೂಡು ಕಾದ ಮೇಲೆ ಕೆಂಡ ಎಳೆದು, ನೆಲ ಒರೆಸಿ, ಬಾಗಿಲು ಮುಚ್ಚುತ್ತಾರೆ. ಒಳಗೆ ಬೆಂಕಿಯೇ ಇಲ್ಲ! ಬೇಯಿಸೋದು ಇಟ್ಟಿಗೆ ಕುಡಿದಿಟ್ಟುಕೊಂಡ ಕಾವು. ಜೋರು ಕಾವಿಗೆ ಮೊದಲು ಬ್ರೆಡ್ಡು, ಆಮೇಲೆ ಬನ್ನು, ಕಾವು ಇಳಿದ ಮೇಲೆ ರಸ್ಕು, ಬಿಸ್ಕತ್ತು. ನಮ್ಮ ಟ್ರೇಗೆ ಸಿಕ್ಕಿದ್ದು ಬನ್ನು ಹೊರಬಂದ ಮೇಲಿನ ಕಾವು. ಅದು ನಿಧಾನದ ಕಾವು. ಹನ್ನೆರಡು ಲೆಗ್ಗು ಒತ್ತಿಕೊಂಡು ಕೂತಿರೋ ಟ್ರೇ ಬೇರೆ.

ಐದು ಗಂಟೆ ದಾಟಿತು. ನನ್ನ ಕಣ್ಣು ಗಡಿಯಾರದ ಮೇಲೆ. ಉದ್ದ ಕೋಲಿನ ಹಲಗೆಯಲ್ಲಿ ಟ್ರೇಯನ್ನು ಬಾಯಿಗೆ ಎಳೆದು ನೋಡಿದ ಭಟ್ಟಿಯ ಭಾಯ್, "ಇನ್ನೂ ಅರ್ಧ ಗಂಟೆ ಬೇಕು ತಮ್ಮಾ" ಅಂದರು.

"ಕೆಂಪಗಾಗಿದೆಯಲ್ಲ ಭಾಯ್, ಕೊಟ್ಬಿಡಿ. ಶೋ ಟೈಮ್ ಆಯ್ತು."

"ಮೇಲೆ ಕೆಂಪು. ಒಳಗೆ ಇನ್ನೂ ಹಸಿ."

"ಪರವಾಗಿಲ್ಲ ಕೊಡಿ ಭಾಯ್!"

ಕೊಟ್ಟರು. ಟ್ರೇ ಮನೆಯಲ್ಲಿಟ್ಟು, "ಆಯ್ತು ಆಂಟಿ!" ಅಂತ ಕೂಗಿ, ಬಸ್ಸಿಗೆ ಓಡಿದೆ. ಮೆಜೆಸ್ಟಿಕ್ಕಿನಲ್ಲಿ ಶಿಳ್ಳೆ ಹೊಡೆದೆ, ಅತ್ತೆ, ಹತ್ತು ಗಂಟೆಗೆ ಹಲಸೂರಿಗೆ ವಾಪಸ್ ಬಂದೆ.

ಮನೆಯ ದೀಪ ಇನ್ನೂ ಉರೀತಿತ್ತು. ಮಗ, ಸೊಸೆ, ಬಂಧುಗಳು ಟೇಬಲ್ಲಿನ ಸುತ್ತ ಕೂತಿದ್ದಾರೆ. ಮೊಮ್ಮಗಳು ಬರೀ ಬ್ರೆಡ್ಡು ತಿಂದು ಕುರ್ಚಿಯಲ್ಲೇ ನಿದ್ದೆ ಹೋಗಿದ್ದಾಳೆ. ಆಂಟಿ ಅಡುಗೆಮನೆಯಲ್ಲಿ ಸೀಮೆಎಣ್ಣೆ ಸ್ಟೌವಿನ ಮುಂದೆ ಬೆವರುತ್ತಾ ನಿಂತಿದ್ದಾರೆ. ಎಂಟು ಗಂಟೆಗೆ ಮಗ ಮೊದಲ ಲೆಗ್ಗಿಗೆ ಚಾಕು ಹಾಕಿದಾಗ ಮೂಳೆಯ ಪಕ್ಕದಿಂದ ರಕ್ತದ ನೀರು ತಟ್ಟೆಗೆ ಇಳಿದಿತ್ತಂತೆ. ಒಬ್ಬರೂ ತಿನ್ನಲಾಗಲಿಲ್ಲ. ಆಂಟಿ ಹನ್ನೆರಡನ್ನೂ ವಾಪಸ್ ತೆಗೆದುಕೊಂಡು, ದಪ್ಪ ತಳದ ಪಾತ್ರೆಗೆ ಎರಡೆರಡು ಸಲಕ್ಕೆ ಹಾಕಿ, ಒಂದು ಚೂರು ನೀರು ಚಿಮುಕಿಸಿ, ಮುಚ್ಚಳ ಮುಚ್ಚಿ ಸಣ್ಣ ಉರಿಯಲ್ಲಿ ಬೇಯಿಸುತ್ತಾ ಇದ್ದರು. ಕೊನೆಯ ರಾತ್ರಿ ಮಗನ ಜೊತೆ ಕೂತು ಮಾತಾಡಬೇಕಾದ ಎರಡು ಗಂಟೆ ಸ್ಟೌವಿನ ಮುಂದೆ ಹೋಯಿತು.

ನನ್ನನ್ನು ನೋಡಿ ಒಂದು ಮಾತು ಬೈಯಲಿಲ್ಲ. ಸೆರಗಿಲ್ಲದ ಆ ಗೌನಿನ ತೋಳಿನಲ್ಲೇ ಹಣೆ ಒರೆಸಿಕೊಂಡು ಕೇಳಿದರು:

"ಪಿಕ್ಚರ್ ಚೆನ್ನಾಗಿತ್ತಾ ಮ್ಯಾನ್?"

ಬೈದಿದ್ದರೆ ಮರೆತುಬಿಡುತ್ತಿದ್ದೆ ಗುರುವೇ! ನನ್ನ ಪಾಲಿಗೆ ಒಂದು ಲೆಗ್ಗು, ಎರಡು ಆಲೂಗಡ್ಡೆ ತಟ್ಟೆಯಲ್ಲಿಟ್ಟು ಮುಚ್ಚಿಟ್ಟಿದ್ದರು. ನುಂಗೋಕೆ ಆಗಲಿಲ್ಲ. ಎರಡು ವರ್ಷದ ಮೇಲೆ ಆಂಟಿಯೂ ಮಗನ ಹತ್ತಿರ ಹೊರಟುಹೋದರು. ಹೋಗುವ ಮುಂಚೆ ಒಂದು ಭಾನುವಾರ ಪಕ್ಕದಲ್ಲಿ ನಿಲ್ಲಿಸಿಕೊಂಡು ಲೆಗ್ ಪೀಸ್ ಬೇಯಿಸೋದು ಹೇಗೆ ಅಂತ ಹೇಳಿಕೊಟ್ಟರು. ಆ ಅಡುಗೆಗಳ ಬಗ್ಗೆ ಆಮೇಲೆ ಬ್ರಿಜೆಟ್ ವೈಟ್ ಕುಮಾರ್ ಸಾಲು ಸಾಲು ಪುಸ್ತಕ ಬರೆದಿದ್ದಾರೆ. ಅವರು ಕೆಜಿಎಫ್ ಮೂಲದವರು. ಯಶ್ ಅವರ ಕೆಜಿಎಫ್ 2018ರಲ್ಲಿ ಬಂತು. ಆದರೆ ಅಸಲಿ ಕೆಜಿಎಫ್‌ನಲ್ಲಿ ಚಿನ್ನದ ಜೊತೆ ಚಿಕನ್ ರೋಸ್ಟೂ ಇತ್ತು ಕಣ್ರೀ!

ಮೇಲೆ ಕೆಂಪು, ಒಳಗೆ ಹಸಿ

ಈಗ ಕೆ.ಆರ್.ಪುರಕ್ಕೆ ವಾಪಸ್. ಅಳಿಯನ ಕೈ ಓವನ್ ಬಾಗಿಲ ಮೇಲೇ ಇದೆ. ಅವನಿಗೆ ಹೇಳಿದ್ದನ್ನೇ ನಿಮಗೂ ಹೇಳ್ತೀನಿ.

ಲೆಗ್ಗು ಎದೆಯ ಥರ ಅಲ್ಲ. ಕೋಳಿ ಇಡೀ ದಿನ ಅದರ ಮೇಲೇ ನಿಂತಿರುತ್ತೆ. ಅದಕ್ಕೇ ಅದರಲ್ಲಿ ನಾರು, ಅಂಟು ಜಾಸ್ತಿ. ಎದೆ ಸ್ವಲ್ಪ ಹೆಚ್ಚು ಬೆಂದರೆ ಮರದ ಪುಡಿ. ಲೆಗ್ಗು ಹೆಚ್ಚು ಬೆಂದಷ್ಟೂ ಮೆದು. ಮಾಂಸದ ಒಳಗಿನ ಬಿಸಿ 74 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಹೊಟ್ಟೆ ಕೆಡಿಸೋ ಕ್ರಿಮಿಗಳ ಕಥೆ ಮುಗೀತು. ಆದರೆ ನಾರು ಕರಗಿ ಮೂಳೆ ಬಿಡಬೇಕು ಅಂದ್ರೆ 80ರಿಂದ 85 ಬೇಕು. ಹೊರಗಿನ ಬಣ್ಣ ನಂಬಬೇಡಿ. ಖಾರದ ಪುಡಿ, ಎಣ್ಣೆ ಹಚ್ಚಿದ ಲೆಗ್ಗು ಅರ್ಧ ಗಂಟೆಗೇ ಮೇಕಪ್ ಹಾಕ್ಕೊಂಡು ನಿಂತಿರುತ್ತೆ, ಒಳಗೆ ಪಾತ್ರ ರೆಡಿ ಇರಲ್ಲ!

ಇನ್ನೊಂದು ಗುಟ್ಟು. ಮೂಳೆಯ ಪಕ್ಕ ಸ್ವಲ್ಪ ಕೆಂಪಿದ್ದ ಮಾತ್ರಕ್ಕೆ ಬೆಂದಿಲ್ಲ ಅಂತಲೂ ಅಲ್ಲ. ಬ್ರಾಯ್ಲರ್ ಕೋಳಿ ಎಳೇದು, ಆರು ವಾರದ ಆಸುಪಾಸು. ಮೂಳೆಯೊಳಗಿನ ಮಜ್ಜೆಯ ಬಣ್ಣ ಬೇಯುವಾಗ ಹೊರಗೆ ಒಸರುತ್ತೆ. ಹಾಗಾದ್ರೆ ತಿಳಿಯೋದು ಹೇಗೆ? ಮಾಂಸಕ್ಕೆ ಚುಚ್ಚೋ ಥರ್ಮಾಮೀಟರು ಒಂದು ತಂದಿಟ್ಟುಕೊಳ್ಳಿ, ಮಲ್ಟಿಪ್ಲೆಕ್ಸಿನಲ್ಲಿ ಇಬ್ಬರು ಪಾಪ್‌ಕಾರ್ನ್ ತಿನ್ನೋ ದುಡ್ಡಿಗೆ ಬರುತ್ತೆ. ತೊಡೆಯ ದಪ್ಪ ಜಾಗಕ್ಕೆ, ಮೂಳೆಗೆ ತಾಗದ ಹಾಗೆ ಚುಚ್ಚಬೇಕು. ಅದೂ ಇಲ್ಲ ಅಂದ್ರೆ ಚಾಕು ಚುಚ್ಚಿ ನೋಡಿ: ಇಳಿಯೋ ರಸ ತಿಳಿಯಾಗಿರಬೇಕು, ಮಾಂಸ ಮೂಳೆಯಿಂದ ತಾನಾಗೇ ಜಾರಬೇಕು.

ಅಂಗಡಿಯಲ್ಲಿ ಕೇಳುವಾಗಲೇ "ಸ್ಕಿನ್ ತೆಗೀಬೇಡಿ" ಅನ್ನಿ. ಕೇಳದಿದ್ದರೆ ಬೋಳಿಸಿ ಕೊಟ್ಟುಬಿಡುತ್ತಾರೆ. ನಾಲ್ಕು ಪೂರ್ತಿ ಲೆಗ್ಗು ಒಂದು ಕಿಲೋ ಹತ್ತಿರ ತೂಗುತ್ತೆ. ನಲ್ಲಿ ಕೆಳಗೆ ಹಿಡಿದು ತೊಳೆದರೆ ಕ್ರಿಮಿ ಸಿಂಕಿಗೆಲ್ಲಾ ಸಿಡಿಯುತ್ತೆ, ಒರೆಸಿ ಸಾಕು. ಮೂಳೆ ಮುಟ್ಟುವ ಹಾಗೆ ಎರಡೆರಡು ಗೀರು ಹಾಕಿ. ಒಂದೂವರೆ ಟೀ ಚಮಚ ಉಪ್ಪು, ಎರಡು ಚಮಚ ಕುಟ್ಟಿದ ಮೆಣಸು, ಒಂದು ಚಮಚ ಖಾರದ ಪುಡಿ, ಒಂದು ದೊಡ್ಡ ಚಮಚ ಶುಂಠಿ ಬೆಳ್ಳುಳ್ಳಿ, ಎರಡು ದೊಡ್ಡ ಚಮಚ ಎಣ್ಣೆ. ರಾತ್ರಿಯೇ ಹಚ್ಚಿ ಫ್ರಿಜ್ಜಿನಲ್ಲಿಡಿ. ನಿಂಬೆಹಣ್ಣು ಮಾತ್ರ ಆಗ ಬೇಡ. ಹುಳಿಯಲ್ಲಿ ರಾತ್ರಿಯಿಡೀ ನೆನೆದರೆ ಮಾಂಸದ ಮೇಲ್ಪದರ ಮೆತ್ತಗಾಗುತ್ತೆ. ತಿನ್ನುವಾಗ ಹಿಂಡಿಕೊಳ್ಳಿ.

ಆಮೇಲೆ ಕರೆಂಟು. ನಮ್ಮ ಹುಡುಗರು ಓವನ್ನನ್ನು ಮೊಬೈಲ್ ಚಾರ್ಜರಿನ ಎಕ್ಸ್‌ಟೆನ್ಷನ್ ಬೋರ್ಡಿಗೇ ಸಿಕ್ಕಿಸಿದ್ದರು! ಮುಟ್ಟಿ ನೋಡಿದರೆ ವಯರು ಬೆಚ್ಚಗೆ. 2000 ವ್ಯಾಟಿನ ಓವನ್ ಹೆಚ್ಚುಕಮ್ಮಿ ಒಂಬತ್ತು ಆಂಪಿಯರ್ ಎಳೆಯುತ್ತೆ, ಸಣ್ಣ ಪ್ಲಗ್ಗು ತಡೆಯೋದು ಆರು. ಗೋಡೆಯ ದೊಡ್ಡ 16 ಆಂಪಿಯರ್ ಪ್ಲಗ್ಗಿಗೇ ಹಾಕಬೇಕು. ಲೆಗ್ ಪೀಸ್ ಆಸೆಗೆ ರೂಮು ಸುಟ್ಟುಕೊಂಡರೆ ಅಡ್ವಾನ್ಸ್ ಯಾರು ವಾಪಸ್ ಕೊಡ್ತಾರೆ? ಮೊದಲು ಪ್ಲಗ್ಗು ಬದಲಾಯಿಸಿದೆವು, ಆಮೇಲೆ ಮಾತು.

ಇನ್ನು ಟೈಮಿಂಗು. ಸಿನಿಮಾ ಅಭಿಮಾನಿಗಳಿಗೆ ಗಡಿಯಾರವೇ ಬೇಡ. ಸಿನಿಮಾ ಹಾಕೋಕೆ ಕಾಲು ಗಂಟೆ ಮುಂಚೆ ಮೇಲಿನ ಕೆಳಗಿನ ಎರಡೂ ರಾಡು ಹಾಕಿ 200 ಡಿಗ್ರಿಗೆ ಕಾಯಿಸಿ. ಟೈಟಲ್ ಕಾರ್ಡ್ ಬಿದ್ದಾಗ ಲೆಗ್ಗು ಒಳಗೆ. ತಂತಿ ಜಾಲರಿಯ ಮೇಲೆ, ಒಂದಕ್ಕೊಂದು ತಾಗದ ಹಾಗೆ, ಚರ್ಮ ಮೇಲಾಗಿ. ಕೆಳಗಿನ ಟ್ರೇಯಲ್ಲಿ ಆಲೂಗಡ್ಡೆ, ಇಳಿಯೋ ಕೊಬ್ಬನ್ನೆಲ್ಲಾ ಅದು ಕುಡೀಲಿ. ಹೀರೋ ಎಂಟ್ರಿ ಆಗಲಿ, ಮೊದಲ ಹಾಡು ಆಗಲಿ, ಹೀರೋಯಿನ್ ಕೋಪ ಮಾಡಿಕೊಳ್ಳಲಿ... ನೀವು ಏಳಬೇಡಿ. ಬಾಗಿಲು ತೆಗೆದಾಗಲೆಲ್ಲಾ ಒಳಗಿನ ಕಾವು ಹಾರಿಹೋಗುತ್ತೆ. 45 ನಿಮಿಷಕ್ಕೆ ಒಂದೇ ಸಲ ತೆಗೆದು ಚುಚ್ಚಿ ನೋಡಿ. ಸಾಲದಿದ್ದರೆ ಇನ್ನು ಹತ್ತು ನಿಮಿಷ. ಹೊರಗೆ ತೆಗೆದ ಮೇಲೂ ಹತ್ತು ನಿಮಿಷ ಮುಟ್ಟಬೇಡಿ, ರಸ ಒಳಗೆ ಇಳಿದು ಕೂರಲಿ. ಅಷ್ಟು ಹೊತ್ತಿಗೆ ತೆರೆಯ ಮೇಲೆ ಇಂಟರ್ವಲ್ ಬಂದಿರುತ್ತೆ!

ಬರೀ ಬಿಸಿ ಮಾಡುವ ಸಾದಾ ಮೈಕ್ರೋವೇವ್ ಇಟ್ಟುಕೊಂಡವರು ಈ ಸಾಹಸಕ್ಕೆ ಇಳಿಯಬೇಡಿ. ಬೇಯುತ್ತೆ, ಕೆಂಪಗಾಗಲ್ಲ. ಅದರಲ್ಲಿ ಕನ್ವೆಕ್ಷನ್ ಇದ್ದರೆ ಸರಿ. ಏನೂ ಇಲ್ಲದವರು ಆಂಟಿಯ ದಪ್ಪ ತಳದ ಪಾತ್ರೆ, ಸಣ್ಣ ಉರಿ, ಮುಚ್ಚಳ.

ಅಳಿಯ ಬಾಗಿಲಿನಿಂದ ಕೈ ತೆಗೆದ. ಟೀವಿಯಲ್ಲಿ ಸಿನಿಮಾ ಶುರುವಾಯಿತು. ಒಂದು ಹಾಡು ಮುಗಿಯುವಷ್ಟರಲ್ಲಿ ರೂಮು ತುಂಬಾ ಘಮ. ಒಬ್ಬ ಹುಡುಗ ಎದ್ದ, ಉಳಿದ ಮೂವರೂ ಸೇರಿ ಅವನನ್ನು ಎಳೆದು ಕೂರಿಸಿದರು. ಕೊನೆಗೆ ತೆಗೆದು ಚುಚ್ಚಿದೆವು: 83 ಡಿಗ್ರಿ. ರಸ ತಿಳಿ ನೀರಿನ ಹಾಗೆ. ನಾನು ತೊಡೆಯ ಗಿಣ್ಣು ತಿರುಗಿಸಿದೆ, ಮೂಳೆ ಕೈಗೇ ಬಂತು.

ಐದು ಜನ, ಆರು ಲೆಗ್ಗು. ಆರನೇದು ಯಾರಿಗೆ ಅನ್ನೋ ಫೈಟಿಂಗ್ ಮುಗಿಯುವ ಹೊತ್ತಿಗೆ ಸೆಕೆಂಡ್ ಹಾಫಿನ ಮೊದಲ ಹಾಡೂ ಮುಗಿದಿತ್ತು.