ಕೈಗೆ ತಕ್ಕ ಕಲ್ಲು

ಅಡುಗೆಮನೆಯ ಕೆಲಸಗಳನ್ನು ಹೇಳುವುದಕ್ಕೆ ಕನ್ನಡದಲ್ಲಿ ಕ್ರಿಯಾಪದಗಳ ಬರವಿಲ್ಲ. ಒಣಗಿದ ರಾಗಿಯನ್ನು ಬೀಸುತ್ತೇವೆ, ನೆನೆದ ಉದ್ದನ್ನು ರುಬ್ಬುತ್ತೇವೆ, ಬತ್ತವನ್ನು ಕುಟ್ಟುತ್ತೇವೆ, ಶುಂಠಿಯನ್ನು ಜಜ್ಜುತ್ತೇವೆ, ಗಂಧದಂತೆ ನುಣ್ಣಗಾಗಬೇಕಾದುದನ್ನು ಅರೆಯುತ್ತೇವೆ, ಮೊಸರನ್ನು ಕಡೆಯುತ್ತೇವೆ. ಇವು ಒಂದೇ ಅರ್ಥದ ಬೇರೆ ಬೇರೆ ಮಾತುಗಳಲ್ಲ. ಒಂದೊಂದರ ಹಿಂದೆಯೂ ಒಂದೊಂದು ಉಪಕರಣ, ಒಂದೊಂದು ಬಗೆಯ ತೋಳಿನ ಚಲನೆ ಇದೆ. (ಕರಾವಳಿಯಲ್ಲಿ ರುಬ್ಬುವ ಕಲ್ಲನ್ನೇ ಕಡೆಯುವ ಕಲ್ಲೆಂದು ಕರೆಯುವವರುಂಟು, ಅದು ಬೇರೆಯೇ ಚರ್ಚೆ.) ಮಿಕ್ಸಿ ಬಂದ ಮೇಲೆ ಇವುಗಳಲ್ಲಿ ಹೆಚ್ಚಿನವು ಗುಂಡಿ ಒತ್ತುವ ಒಂದೇ ಕ್ರಿಯೆಯಲ್ಲಿ ಅಡಗಿಹೋದವು.

ಆದರೂ ಕೈ ಉಪಕರಣಗಳನ್ನು ಕೊಳ್ಳುವವರು ಇಂದಿಗೂ ಇದ್ದಾರೆ. ಕೆಲವರು ರುಚಿಗಾಗಿ, ಕೆಲವರು ವಿದ್ಯುತ್ತಿನ ಮೇಲೆ ನಂಬಿಕೆ ಸಾಲದೆ, ಇನ್ನು ಕೆಲವರು ಹಜಾರದಲ್ಲಿ ನೋಡಲು ಚೆಂದವೆಂದು ಕೊಳ್ಳುತ್ತಾರೆ. ಕೊನೆಯವರಿಗೆ ಈ ಲೇಖನದ ಆವಶ್ಯಕತೆಯಿಲ್ಲ. ಉಳಿದವರು ಅಂಗಡಿಗೆ ಹೋಗುವ ಮೊದಲು ಒಂದು ಪ್ರಶ್ನೆಗೆ ಉತ್ತರ ಹೇಳಿಕೊಳ್ಳಬೇಕು: ಇದನ್ನು ತಿರುಗಿಸುವ ಕೈ ಯಾರದು?

ಹಲಸಂಗಿಯ ಗೆಳೆಯರು ಸಂಗ್ರಹಿಸಿದ 'ಗರತಿಯ ಹಾಡು' ಮೊದಲಾದುವನ್ನು ತರಗತಿಯಲ್ಲಿ ವ್ಯಾಖ್ಯಾನಿಸುವ ನಮ್ಮಂಥವರಿಗೆ ಬೀಸುವ ಕಲ್ಲೆಂದರೆ ಕಾವ್ಯದ ತೊಟ್ಟಿಲು. ಹಾಡು ಹುಟ್ಟಿದ್ದೇನೋ ನಿಜ. ಆದರೆ ಬೆಳಗಿನ ಜಾವದಲ್ಲೆದ್ದು, ದಿನದ ಹಿಟ್ಟಿಗಾಗಿ ಹೆಗಲು ಸವೆಸಿದ ದಣಿವನ್ನು ಮರೆಯುವುದಕ್ಕಾಗಿ ಹುಟ್ಟಿತು. ಕಲ್ಲನ್ನು ಹೊಗಳುವ ಗಂಡಸು ಅದರ ಮುಂದೆ ಕುಳಿತವನಾಗಿರುವುದು ಅಪರೂಪ. ನನ್ನ ಅಣ್ಣ ಒಮ್ಮೆ ದೊಡ್ಡದೊಂದು ಒರಳುಕಲ್ಲನ್ನು ತರುವ ಉತ್ಸಾಹದಲ್ಲಿದ್ದಾಗ ಅತ್ತಿಗೆ, "ರುಬ್ಬುವವರು ನೀವಾದರೆ ಅದನ್ನೇ ತನ್ನಿ" ಎಂದರು. ಮನೆಗೆ ಚಿಕ್ಕ ಕಲ್ಲೇ ಬಂದಿತು.

ಒರಳುಕಲ್ಲಿಗೆ ಗಟ್ಟಿಯಾದ, ಕಣ ಒತ್ತಾಗಿರುವ ಕರಿಯ ಅಥವಾ ಬೂದು ಕಲ್ಲೇ ಆಗಬೇಕು. ಒಳಮೈಗೆ ನೀರು ಚಿಮುಕಿಸಿ ಅಂಗೈಯಿಂದ ಉಜ್ಜಿದಾಗ ಮರಳು ಉದುರುತ್ತಲೇ ಇದ್ದರೆ ಬಿಟ್ಟುಬಿಡಿ. ಆ ಮರಳು ನಾಳೆ ಹಲ್ಲಿಗೆ ಸಿಕ್ಕುತ್ತದೆ. ಗುಂಡುಕಲ್ಲು ಒರಳಿನ ತಳದಲ್ಲಿ ಅಲುಗಾಡದೆ ಕೂರಬೇಕು, ಹಿಡಿಯುವ ತುದಿ ಬೆರಳುಗಳ ಹಿಡಿತಕ್ಕೆ ದಕ್ಕಬೇಕು. ಮಣೆ ಹಾಕಿಕೊಂಡು ಕುಳಿತು ಹತ್ತು ಸುತ್ತು ತಿರುಗಿಸಿ ನೋಡದೆ ಹಣ ಕೊಡಬಾರದು. ಅಂಗಡಿಯವನು ನಕ್ಕರೆ ನಗಲಿ. ಹೊಸ ಕಲ್ಲಿನಲ್ಲಿ ಮೊದಲು ತೌಡನ್ನೋ ಹಳೆಯ ಅಕ್ಕಿಯನ್ನೋ ಹಲವು ಸಲ ರುಬ್ಬಿ ಚೆಲ್ಲಬೇಕು. ಸವೆದು ನುಣುಪಾದಾಗ ಉಳಿಯಿಂದ ಕಚ್ಚು ಹೊಡೆಸಬೇಕು. ಆ ಕೆಲಸ ಬಲ್ಲವರು ನಿಮ್ಮೂರಿನಲ್ಲಿ ಇನ್ನೂ ಇದ್ದಾರೆಯೆ ಎಂಬುದನ್ನೂ ಮೊದಲೇ ವಿಚಾರಿಸಿಕೊಳ್ಳುವುದು ಜಾಣತನ.

ಇಷ್ಟೆಲ್ಲ ಶ್ರಮಕ್ಕೆ ಫಲವೇನೆಂದು ಕೇಳಬಹುದು. ಮಿಕ್ಸಿಯ ಅಲಗು ವೇಗವಾಗಿ ಸುತ್ತುತ್ತ ಕತ್ತರಿಸುತ್ತದೆ, ಹಿಟ್ಟನ್ನು ಬಿಸಿಮಾಡುತ್ತದೆ. ಕಲ್ಲು ನಿಧಾನವಾಗಿ ಜಜ್ಜಿ ಅರೆಯುತ್ತದೆ. ಉದ್ದಿನ ಹಿಟ್ಟಿಗೆ ಗಾಳಿ ಸೇರಿ ಅದು ಹಗುರಾಗಿ ಉಬ್ಬುತ್ತದೆ. ಇಡ್ಲಿಯಲ್ಲಿ ಈ ವ್ಯತ್ಯಾಸ ನಾಲಗೆಗೆ ತಿಳಿಯುತ್ತದೆ. ಆದರೆ ಬೀಸುಕಲ್ಲಿನ ವಿಷಯದಲ್ಲಿ ನನ್ನ ಅಭಿಪ್ರಾಯ ಬೇರೆ. ಬೇಳೆ ಒಡೆಯಲು, ತರಿ ಮಾಡಲು ಅದು ಸೊಗಸಾದ ಸಾಧನ. ಐದಾರು ಮಂದಿಯ ಸಂಸಾರದ ದಿನದ ರೊಟ್ಟಿಯ ಹಿಟ್ಟಿಗೆ ಗಿರಣಿಯೇ ಲೇಸು. ಅಲ್ಲಿ ಕೈಗಲ್ಲನ್ನು ಬೋಧಿಸುವುದು ಕ್ರೌರ್ಯ.

ವರ್ಷಾವಧಿಗೆ ಕೂಡಿಡುವ ತಿಂಡಿಗಳಲ್ಲಿ ಸಮಯವೇ ಸರ್ವಸ್ವ. ಅಕ್ಕಿಯ ಶ್ಯಾವಿಗೆಯ ಉಂಡೆ ಬಿಸಿಯಿರುವಾಗಲೇ ಒತ್ತಿಬಿಡಬೇಕು. ಆರಿದರೆ ಗಟ್ಟಿಯಾಗಿ ಯಾವ ಭೀಮಸೇನನಿಗೂ ಮಣಿಯದು. ಉದ್ದನೆಯ ಸನ್ನೆಮರವಿರುವ ಹಳೆಯ ಶ್ಯಾವಿಗೆ ಒರಳಿಗೆ ಒತ್ತುವವರೊಬ್ಬರು, ಎಳೆ ಹಿಡಿಯುವವರೊಬ್ಬರು ಬೇಕು. ಒಬ್ಬರೇ ಇರುವ ಮನೆಗೆ ತಿರುಪಿನ ಒರಳೇ ಸರಿ. ಚಕ್ಕುಲಿ ಒರಳಿನಲ್ಲೂ ಮುಂಗೈ ನೋಯುವವರು ತಿರುಪಿನದನ್ನೇ ಆರಿಸಲಿ. ಬಿಲ್ಲೆ ತೆಳುವಾಗಿದ್ದರೆ ಹಿಟ್ಟಿನ ಒತ್ತಡಕ್ಕೆ ಬಾಗುತ್ತದೆ. ಬೆರಳಿನಿಂದ ಅಮುಕಿ ನೋಡಬೇಕು. ಮಲೆನಾಡಿನ ಹಲಸಿನ ಹಪ್ಪಳಕ್ಕೆ ಬೇಯಿಸಿದ ತೊಳೆಯನ್ನು ಒನಕೆಯಿಂದ ಕುಟ್ಟಿ, ಉಂಡೆಮಾಡಿ, ಎರಡು ಹಲಗೆಗಳ ನಡುವೆ ಒತ್ತುತ್ತಾರೆ. ಆ ಹಲಗೆಗಳು ಸಮತಟ್ಟಾಗಿರದಿದ್ದರೆ ಹಪ್ಪಳದ ಒಂದು ಬದಿ ದಪ್ಪವಾಗಿ, ಒಣಗದೆ ಉಳಿದು, ಮಳೆಗಾಲದಲ್ಲಿ ಅಲ್ಲಿಂದಲೇ ಬೂಷ್ಟು ಹಿಡಿಯುತ್ತದೆ.

ಇನ್ನು ಉಪ್ಪಿನಕಾಯಿಯ ಭರಣಿ. ಸಾಗರ, ಸಿದ್ದಾಪುರ, ಶಿರಸಿಗಳ ಕಡೆಯ ಅಪ್ಪೆಮಿಡಿಗೆ ಉಪ್ಪು ಬೆರೆಸಿಟ್ಟಾಗ ಮಿಡಿ ನೀರು ಬಿಟ್ಟು ಸುಕ್ಕುಗಟ್ಟುತ್ತದೆ. ಉಪ್ಪೂ ಹುಳಿಯೂ ಕೂಡಿದ ಈ ರಸ ಹಿತ್ತಾಳೆ, ತಾಮ್ರ, ಅಲ್ಯೂಮಿನಿಯಮುಗಳನ್ನು ತಿನ್ನುತ್ತದೆ. ಆದಕಾರಣವೇ ಹಿರಿಯರು ಪಿಂಗಾಣಿಯನ್ನು ಮೆಚ್ಚಿದರು. ಬೆರಳಿನಿಂದ ತಟ್ಟಿದರೆ ಭರಣಿ ಘಂಟೆಯಂತೆ ನುಡಿಯಬೇಕು. ಬಿರುಕಿದ್ದರೆ ಧ್ವನಿ ಬೊದ್ದಾಗುತ್ತದೆ. ಮನೆಗೆ ತಂದ ರಾತ್ರಿ ನೀರು ತುಂಬಿಟ್ಟು, ಬೆಳಿಗ್ಗೆ ಹೊರಮೈ ಒದ್ದೆಯಾಗಿದೆಯೆ ನೋಡಿ. ಒಳಗೂ ಬಣ್ಣದ ಚಿತ್ತಾರವಿರುವ, ಯಾರು ಮಾಡಿದ್ದೆಂದು ತಿಳಿಯದ ಭರಣಿ ಬೇಡ. ಕೆಲವು ಮೆರುಗುಗಳಲ್ಲಿ ಸೀಸವಿರುತ್ತದೆ, ಹುಳಿ ಅದನ್ನು ಕರಗಿಸುತ್ತದೆ. ಬಾಯಿ ಒಣ ಸೌಟು ಸಲೀಸಾಗಿ ಹೋಗಿಬರುವಷ್ಟು ಅಗಲವಿರಲಿ. ಬಾಯಿಗೆ ಬಟ್ಟೆ ಕಟ್ಟಲು ಕಂಠವಿರಲಿ. ಮಾರುವವನು ಅತಿ ದೊಡ್ಡ ಭರಣಿಯೇ ಲಾಭವೆನ್ನುತ್ತಾನೆ. ತುಂಬಿದ ಭರಣಿಯನ್ನು ಅಟ್ಟದಿಂದ ಇಳಿಸುವವರು ಅರುವತ್ತು ದಾಟಿದ ಅಜ್ಜಿಯೊಬ್ಬರೇ ಆಗಿದ್ದರೆ, ಒಂದು ದೊಡ್ಡದರ ಬದಲು ಮೂರು ಚಿಕ್ಕವನ್ನು ಕೊಂಡುಬನ್ನಿ.